ಬೇಸ್‌ಬಾಲ್ ಪಿಚರ್‌ನ ವೃತ್ತಿಜೀವನ: ಮೊಣಕೈಯ ಲೆಕ್ಕ, ಕರಾರಿನ ಲೆಕ್ಕ

2025ರ ಅಕ್ಟೋಬರ್ 31ರ ರಾತ್ರಿ ಟೊರೊಂಟೊದಲ್ಲಿ ನಡೆದ, ಮೇಜರ್ ಲೀಗ್ ಎಂಬ ಅಗ್ರ ಬೇಸ್‌ಬಾಲ್ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದಲ್ಲಿ ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದ ಯೊಶಿನೊಬು ಯಮಮೊಟೊ 96 ಎಸೆತಗಳನ್ನು ಎಸೆದರು. ಮರುದಿನ ರಾತ್ರಿ ಅದೇ ಮೈದಾನದಲ್ಲಿ, ನಿರ್ಣಾಯಕವಾದ ಏಳನೆಯ ಪಂದ್ಯದ ಕೊನೆಯ ಹಂತದಲ್ಲಿ ಮತ್ತೆ ಬಂದು ಇನ್ನೂ 34 ಎಸೆತ ಎಸೆದು ತಂಡವನ್ನು ಗೆಲ್ಲಿಸಿದರು. ಬೇಸ್‌ಬಾಲ್ ಬಲ್ಲವರು ಇದನ್ನು ಕಂಡು ಬೆರಗಾದರು. ಕ್ರಿಕೆಟ್ ನೋಡುತ್ತಾ ಬೆಳೆದ ನಮಗೆ ಮಾತ್ರ ಇದರಲ್ಲಿ ಬೆರಗಾಗುವಂಥದ್ದು ಏನಿದೆ ಎಂದೇ ಅನ್ನಿಸುತ್ತದೆ. ಟೆಸ್ಟ್ ಪಂದ್ಯದಲ್ಲಿ ವೇಗದ ಬೌಲರ್ ಒಂದು ದಿನ 20 ಓವರ್, ಅಂದರೆ 120 ಎಸೆತ ಹಾಕಿ, ಮರುದಿನ ಬೆಳಿಗ್ಗೆ ಮತ್ತೆ ಓಡಿ ಬರುವುದನ್ನು ನಾವು ಸಹಜವೆಂದೇ ನೋಡುತ್ತೇವೆ.

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ಟಿನ ಜೊತೆಗೆ ಬೇಸ್‌ಬಾಲ್ ಕೂಡ ಇರಲಿದ್ದು, ಅದು ಇದೇ ಡಾಡ್ಜರ್ಸ್ ತಂಡದ ಮೈದಾನದಲ್ಲಿ ನಡೆಯಲಿದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಯ ಮಕ್ಕಳು ಬಡಾವಣೆಯ ಲಿಟಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯಲು ನಿಂತಾಗ, ತರಬೇತುದಾರರು ಒಂದೊಂದು ಎಸೆತವನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು ಏಕೆಂದು ತಂದೆತಾಯಂದಿರು ಕೇಳುವುದುಂಟು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಪಿಚರ್‌ನ ವೃತ್ತಿಜೀವನವನ್ನು ಎರಡು ಲೆಕ್ಕಗಳು ನಡೆಸುತ್ತವೆ: ಮೊಣಕೈ ಎಷ್ಟು ತಾಳುತ್ತದೆ ಎಂಬುದು ಒಂದು, ಕರಾರಿನ ನಿಯಮ ಯಾವಾಗ ಹಣ ಕೊಡುತ್ತದೆ ಎಂಬುದು ಇನ್ನೊಂದು. ಇವೆರಡೂ ಒಟ್ಟಿಗೆ ಸಾಗುವುದಿಲ್ಲ. ಇದನ್ನು ತಿಳಿಯಲು ಡಾಡ್ಜರ್ಸ್ ಎಂಬ ಒಂದೇ ತಂಡದ ಚರಿತ್ರೆ ಬಹುಮಟ್ಟಿಗೆ ಸಾಕಾಗುತ್ತದೆ.

ಪಿಚರ್‌ನ ಕೆಲಸ

ಪಿಚರ್ ಎಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ. ಅವನಿಗೆ ಓಟವಿಲ್ಲ. ಮೈದಾನದ ನಡುವೆ 10 ಇಂಚು ಎತ್ತರದ ಮಣ್ಣಿನ ದಿಬ್ಬವಿರುತ್ತದೆ. ಅದನ್ನು ಮೌಂಡ್ ಎನ್ನುತ್ತಾರೆ. ಅದರ ಮೇಲಿನ ರಬ್ಬರ್ ಪಟ್ಟಿಯನ್ನು ಒಂದು ಕಾಲಿನಿಂದ ಒತ್ತಿ ನಿಂತು, ಇನ್ನೊಂದು ಕಾಲನ್ನು ಮುಂದಕ್ಕೆ ಚಾಚಿ, ಮೊಣಕೈ ಮಡಿಸಿ ಚೆಂಡನ್ನು ಎಸೆಯಬೇಕು. ಚೆಂಡು ನೆಲಕ್ಕೆ ಬಡಿಯದೆ 18.44 ಮೀಟರ್ ದೂರದ ಹೋಮ್ ಪ್ಲೇಟಿನ ಮೇಲೆ ಹಾದುಹೋಗಬೇಕು. ಆ ಪ್ಲೇಟಿನ ಅಗಲ 17 ಇಂಚು. ಅಷ್ಟು ಅಗಲದಲ್ಲಿ, ಬ್ಯಾಟರ್‌ನ ಮಂಡಿಯಿಂದ ಎದೆಯ ಕೆಳಭಾಗದವರೆಗಿನ ಎತ್ತರದಲ್ಲಿ, ಕಣ್ಣಿಗೆ ಕಾಣದ ಒಂದು ಚೌಕಟ್ಟಿದೆ ಎಂದುಕೊಳ್ಳಬೇಕು. ಚೆಂಡು ಆ ಚೌಕಟ್ಟಿನೊಳಗೆ ಬಂದೂ ಬ್ಯಾಟರ್ ಹೊಡೆಯದಿದ್ದರೆ, ಅಥವಾ ಬ್ಯಾಟು ಬೀಸಿ ತಪ್ಪಿದರೆ, ಅದು ಸ್ಟ್ರೈಕ್. ಚೌಕಟ್ಟಿನ ಹೊರಗೆ ಹೋದದ್ದನ್ನು ಬ್ಯಾಟರ್ ಸುಮ್ಮನೆ ಬಿಟ್ಟರೆ ಅದು ಬಾಲ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ನಾಲ್ಕು ಬಾಲ್ ಆದರೆ ಬ್ಯಾಟರ್‌ಗೆ ಮೊದಲ ಬೇಸ್‌ಗೆ, ಅಂದರೆ ರನ್ ಗಳಿಸಲು ಓಡಿ ಮುಟ್ಟಬೇಕಾದ ನಿಲ್ದಾಣಗಳಲ್ಲಿ ಮೊದಲನೆಯದಕ್ಕೆ, ಪುಕ್ಕಟೆ ನಡಿಗೆ.

ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲಿ ಎದುರಾಳಿಯ ಮೂವರನ್ನು ಔಟ್ ಮಾಡಬೇಕು, ಒಟ್ಟು 27. ಓವರ್ ಎಂಬ ವ್ಯವಸ್ಥೆ ಇಲ್ಲದ್ದರಿಂದ ಪಿಚರ್ ಒಬ್ಬನೇ ಎಸೆಯುತ್ತಾ ಹೋಗುತ್ತಾನೆ. ಒಮ್ಮೆ ಹೊರಗೆ ಕರೆದರೆ ಆ ಪಂದ್ಯದಲ್ಲಿ ಅವನು ಮತ್ತೆ ಬರುವಂತಿಲ್ಲ. ಪಂದ್ಯ ಆರಂಭಿಸುವವನು ಸ್ಟಾರ್ಟರ್. ಇವನು ಹೆಚ್ಚೆಂದರೆ 100ರ ಆಸುಪಾಸಿನಷ್ಟು ಎಸೆತ ಎಸೆದು, ನಾಲ್ಕೈದು ದಿನ ವಿಶ್ರಾಂತಿ ಪಡೆದು ಮತ್ತೆ ಬರುತ್ತಾನೆ. ಹೀಗಾಗಿ ಒಂದು ತಂಡಕ್ಕೆ ಸರದಿಯ ಮೇಲೆ ಐದಾರು ಸ್ಟಾರ್ಟರ್‌ಗಳು ಬೇಕು. ಅವನ ನಂತರ ಬಂದು ಒಂದೆರಡು ಇನ್ನಿಂಗ್ಸ್ ನೋಡಿಕೊಳ್ಳುವವರು ರಿಲೀವರ್‌ಗಳು. ಗೆಲುವು ಕೈಯಲ್ಲಿರುವಾಗ ಕೊನೆಯ ಇನ್ನಿಂಗ್ಸ್ ಮುಗಿಸಿಕೊಡುವವನು ಕ್ಲೋಸರ್. ಯಮಮೊಟೊ ಸ್ಟಾರ್ಟರ್. ಒಂದು ದಿನವೂ ವಿಶ್ರಾಂತಿ ಪಡೆಯದೆ ರಿಲೀವರ್ ಆಗಿ ಬಂದದ್ದೇ ಜನರ ಬೆರಗಿಗೆ ಕಾರಣ.

ಪಿಚರ್‌ನ ಗುಣಮಟ್ಟ ಅಳೆಯಲು ಹೆಚ್ಚಾಗಿ ಬಳಸುವ ಅಂಕಿ ಇ.ಆರ್.ಎ. ಅವನ ಲೆಕ್ಕಕ್ಕೆ ಸೇರುವ ರನ್‌ಗಳು ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಕಡಿಮೆ ಇದ್ದಷ್ಟೂ ಒಳ್ಳೆಯದು; ಮೂರಕ್ಕಿಂತ ಕೆಳಗಿದ್ದರೆ ಬಹಳ ಒಳ್ಳೆಯದು.

ಚೆಂಡು ಗಾಳಿಯಲ್ಲಿ ತಿರುವು ಪಡೆಯುವುದು ಅದು ತನ್ನ ಸುತ್ತ ತಾನು ಸುತ್ತುವುದರಿಂದ. ಸುತ್ತುವ ಚೆಂಡು ಗಾಳಿಯನ್ನು ಒಂದು ಬದಿಗೆ ತಳ್ಳುತ್ತದೆ, ಗಾಳಿ ಅದನ್ನು ಎದುರು ಬದಿಗೆ ತಳ್ಳುತ್ತದೆ. ಹಿಮ್ಮುಖವಾಗಿ ಸುತ್ತುವ ಫಾಸ್ಟ್‌ಬಾಲ್ ನಿರೀಕ್ಷಿಸಿದಷ್ಟು ಕೆಳಗಿಳಿಯುವುದಿಲ್ಲ. ಮುಮ್ಮುಖವಾಗಿ ಸುತ್ತುವ ಕರ್ವ್‌ಬಾಲ್ ನಿರೀಕ್ಷೆಗಿಂತ ಹೆಚ್ಚು ಇಳಿಯುತ್ತದೆ. ಸ್ಲೈಡರ್ ಬದಿಗೆ ಸರಿಯುತ್ತದೆ. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಬ್ಯಾಟರ್ ಬಳಿ ತಲುಪಲು ತೆಗೆದುಕೊಳ್ಳುವ ಸಮಯ ಸುಮಾರು 0.4 ಸೆಕೆಂಡ್. ಅಷ್ಟರೊಳಗೆ ಇವುಗಳಲ್ಲಿ ಬರುತ್ತಿರುವುದು ಯಾವುದೆಂದು ಬ್ಯಾಟರ್ ಗುರುತಿಸಬೇಕು.

ಮೊಣಕೈಯೊಳಗೆ ನಡೆಯುವುದೇನು

ಕ್ರಿಕೆಟ್ ಬೌಲರ್ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೇರಗೊಳಿಸಿದರೆ ಅದು ಥ್ರೋ ಎನಿಸಿ ನಿಯಮಬಾಹಿರವಾಗುತ್ತದೆ. ಅಲ್ಲಿ ವೇಗದ ಬಹುಭಾಗ ಓಟದಿಂದಲೂ ಬೆನ್ನು, ಭುಜಗಳಿಂದಲೂ ಬರುವುದರಿಂದ ಪೆಟ್ಟೂ ಹೆಚ್ಚಾಗಿ ಅಲ್ಲೇ ಬೀಳುತ್ತದೆ. ಮೈಸೂರಿನ ಜಾವಗಲ್ ಶ್ರೀನಾಥ್ ಅವರನ್ನು 1997ರಲ್ಲಿ ಆಟದಿಂದ ದೂರವಿರಿಸಿದ್ದು ಭುಜದ ಗಾಯವೆಂಬುದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪಿಚರ್‌ಗೆ ಮೊಣಕೈ ಮಡಿಸಲು ಅಡ್ಡಿಯಿಲ್ಲ. ಓಟವಿಲ್ಲದಿದ್ದರೂ ಅವನು ಅಷ್ಟು ವೇಗ ಪಡೆಯುವುದು ಆ ಮಡಿಕೆಯಿಂದಲೇ.

ಎಸೆತದ ಒಂದು ಘಟ್ಟದಲ್ಲಿ ಪಿಚರ್‌ನ ಸೊಂಟವೂ ಎದೆಯೂ ಬ್ಯಾಟರ್‌ನತ್ತ ತಿರುಗಿರುತ್ತವೆ, ಆದರೆ ಮುಂದೋಳು ಮತ್ತು ಚೆಂಡು ಇನ್ನೂ ಹಿಂದೆಯೇ ಇರುತ್ತವೆ. ಮರುಕ್ಷಣ ಮೇಲ್ತೋಳು ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ಒಳಕ್ಕೆ ತಿರುಗುತ್ತದೆ. ಮನುಷ್ಯದೇಹದ ಚಲನೆಗಳಲ್ಲಿ ಅಳೆದು ನೋಡಿದ ಅತಿ ವೇಗದವುಗಳಲ್ಲಿ ಇದೂ ಒಂದು. ಆ ವೇಗ ಇರುವುದು ಕ್ಷಣದ ತುಣುಕಿನಷ್ಟು ಕಾಲ ಮಾತ್ರ. ಒಂದು ಸೆಕೆಂಡು ಹಾಗೆಯೇ ಉಳಿದರೆ ತೋಳು ಹತ್ತೊಂಬತ್ತು ಸುತ್ತು ಸುತ್ತಬೇಕಾದೀತು. ತೋಳು ಹೀಗೆ ತಿರುಗುವಾಗ ಮೊಣಕೈಯ ಒಳಬದಿ ಬಿರಿಯುವಂತೆ ಎಳೆತಕ್ಕೊಳಗಾಗುತ್ತದೆ. ಬಿರಿಯದಂತೆ ಅದನ್ನು ಹಿಡಿದಿಡುವುದು ಮೇಲ್ತೋಳಿನ ಮೂಳೆಯನ್ನೂ ಮುಂದೋಳಿನ ಒಳಮೂಳೆಯನ್ನೂ ಕಟ್ಟುವ, ಕೆಲವೇ ಸೆಂಟಿಮೀಟರ್ ಉದ್ದದ ಅಸ್ಥಿರಜ್ಜು. ಆಟದ ವರದಿಗಳಲ್ಲಿ ಯು.ಸಿ.ಎಲ್. ಎಂದು ಬರುವುದು ಈ ಲಿಗಮೆಂಟಿನ ಹೆಸರು.

ಪ್ರಯೋಗಾಲಯದಲ್ಲಿ ಮೃತದೇಹಗಳ ಮೊಣಕೈಗಳನ್ನು ಪರೀಕ್ಷಿಸಿದಾಗ ತಿಳಿದುಬಂದದ್ದೇನೆಂದರೆ, ಪೂರ್ತಿ ಬಲದ ಒಂದು ಎಸೆತ ಮೊಣಕೈ ಮೇಲೆ ಹಾಕುವ ತಿರುಚುಬಲದ ಸುಮಾರು ಅರ್ಧದಷ್ಟಕ್ಕೇ ಈ ರಜ್ಜು ಒಂಟಿಯಾಗಿ ಹರಿದುಹೋಗುತ್ತದೆ. ಉಳಿದ ಅರ್ಧ ಭಾರವನ್ನು ಸುತ್ತಲಿನ ಸ್ನಾಯುಗಳು ಹೊರುವುದರಿಂದ ಆಟ ನಡೆಯುತ್ತದೆ. ದಣಿದ ಸ್ನಾಯು ತನ್ನ ಪಾಲು ಹೊರುವುದಿಲ್ಲ. ಆ ಭಾರ ರಜ್ಜುವಿನ ಮೇಲೆ ಬೀಳುತ್ತದೆ. ಎಸೆತ ಎಣಿಸುವುದೂ ವಿಶ್ರಾಂತಿ ಕೊಡುವುದೂ ಇದೇ ಕಾರಣಕ್ಕೆ. ವ್ಯಾಯಾಮದಿಂದ ಸ್ನಾಯು ಕೆಲವೇ ತಿಂಗಳಲ್ಲಿ ಬಲಿಯುತ್ತದೆ, ರಜ್ಜು ಅಷ್ಟು ಬೇಗ ಬಲಿಯುವುದಿಲ್ಲ. ಇಪ್ಪತ್ತರ ಹುಡುಗ ಹೆಚ್ಚಿನ ವೇಗ ಗಳಿಸಿದ ಕೂಡಲೇ ಅಪಾಯವನ್ನೂ ಗಳಿಸುವುದು ಹೀಗೆ. ರಜ್ಜು ಒಂದೇ ಎಸೆತಕ್ಕೆ ಹರಿಯುವುದು ಅಪರೂಪ. ರಾಟೆಯ ಮೇಲಿನ ಬಾವಿಹಗ್ಗ ಎಳೆ ಎಳೆಯಾಗಿ ಸವೆದು, ಯಾವುದೋ ಒಂದು ದಿನ ಕೊಡ ಅರ್ಧ ಮೇಲೆ ಬಂದಾಗ ಕಡಿಯುತ್ತದಲ್ಲ, ಇದೂ ಹಾಗೆಯೇ.

ಚಿಕಿತ್ಸೆಯಿಲ್ಲದ ಕಾಲದ ಕೋಫ್ಯಾಕ್ಸ್

ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಎಡಗೈ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್ 1955ರಲ್ಲಿ, ಡಾಡ್ಜರ್ಸ್ ಇನ್ನೂ ಬ್ರೂಕ್ಲಿನ್‌ನಲ್ಲೇ ಇದ್ದಾಗ, ತಂಡಕ್ಕೆ ಬಂದರು. ಮೊದಲ ಆರು ವರ್ಷಗಳಲ್ಲಿ ಅವರ ಹೆಸರಿಗೆ ಬರೆದ ಪಂದ್ಯಗಳಲ್ಲಿ ಗೆಲುವು 36, ಸೋಲು 40. ವೇಗಕ್ಕೇನೂ ಕೊರತೆಯಿರಲಿಲ್ಲ, ಚೆಂಡು ಎಲ್ಲಿ ಹೋಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. 1961ರ ವಸಂತದ ಅಭ್ಯಾಸ ಪಂದ್ಯವೊಂದರಲ್ಲಿ ಸಹ ಆಟಗಾರ, ಕ್ಯಾಚರ್ (ಬ್ಯಾಟರ್‌ನ ಹಿಂದೆ ಕುಳಿತು ಚೆಂಡು ಹಿಡಿಯುವವರು) ನಾರ್ಮ್ ಶೆರ್ರಿ ಅವರು ಸ್ವಲ್ಪ ಬಲ ತಗ್ಗಿಸಿ ಎಸೆಯುವಂತೆ ಸಲಹೆ ಕೊಟ್ಟರು. ಬಲ ತಗ್ಗಿಸಿದರೂ ಚೆಂಡಿನ ವೇಗವೇನೂ ತಗ್ಗಲಿಲ್ಲ, ಗುರಿ ಮಾತ್ರ ಕೂಡಿಬಂತು. ಅಲ್ಲಿಂದ ಮುಂದೆ ಆರು ವರ್ಷ ಅವರನ್ನು ಮೀರಿಸಿದವರಿಲ್ಲ. 1965ರಲ್ಲಿ 382 ಸ್ಟ್ರೈಕೌಟ್, ಅಂದರೆ ಮೂರು ಸ್ಟ್ರೈಕ್‌ಗಳಿಂದ ಪಡೆದ ಔಟ್. ಅದೇ ವರ್ಷದ ಸೆಪ್ಟೆಂಬರ್ 9ರಂದು ಷಿಕಾಗೊ ಕಬ್ಸ್ ವಿರುದ್ಧ ಪರ್ಫೆಕ್ಟ್ ಗೇಮ್, ಅಂದರೆ ಎದುರಾಳಿಯ 27 ಬ್ಯಾಟರ್‌ಗಳಲ್ಲಿ ಒಬ್ಬನನ್ನೂ ಮೊದಲ ಬೇಸ್‌ಗೆ ತಲುಪಲು ಬಿಡದ ಆಟ.

ಆ ವರ್ಷಗಳಲ್ಲಿ ಅವರ ಎಡ ಮೊಣಕೈ ಸಂಧಿವಾತಕ್ಕೆ ತುತ್ತಾಗಿತ್ತು. ಪಂದ್ಯಕ್ಕೆ ಮುನ್ನ ಉರಿಯುವ ಮುಲಾಮು ಉಜ್ಜಿಸಿಕೊಳ್ಳುವುದು, ಪಂದ್ಯ ಮುಗಿದ ಮೇಲೆ ಮೊಣಕೈಯನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ಕೂರುವುದು, ನಡುನಡುವೆ ಕಾರ್ಟಿಸೋನ್ ಚುಚ್ಚುಮದ್ದು, ನೋವಿನ ಮಾತ್ರೆ: ಇವು ಅವರ ದಿನಚರಿಯಾದವು. 1966ರಲ್ಲಿ ಅವರು 41 ಪಂದ್ಯ ಆರಂಭಿಸಿ, 27 ಪಂದ್ಯಗಳನ್ನು ತಾವೇ ಮುಗಿಸಿ, 323 ಇನ್ನಿಂಗ್ಸ್ ಎಸೆದರು. 27 ಗೆಲುವು, ಇ.ಆರ್.ಎ. 1.73. ಆ ನವೆಂಬರಿನಲ್ಲಿ, ಮೂವತ್ತರ ಹರೆಯದಲ್ಲಿ, ಆಟ ಬಿಟ್ಟ ಮೇಲಿನ ಬದುಕಿಗೆ ಕೈ ನೆಟ್ಟಗೆ ಉಳಿಯಬೇಕೆಂಬ ಕಾರಣ ಕೊಟ್ಟು ನಿವೃತ್ತರಾದರು. ವೃತ್ತಿಯ ತುತ್ತತುದಿಯಲ್ಲಿ ಇದ್ದವರು ಹೀಗೆ ಎದ್ದುಹೋದ ಉದಾಹರಣೆ ಆಟದ ಚರಿತ್ರೆಯಲ್ಲಿ ಹೆಚ್ಚಿಲ್ಲ. ಅವರ ಮುಂದೆ ಇದ್ದದ್ದು ಎರಡೇ ದಾರಿ, ನೋವಿನಲ್ಲಿ ಎಸೆಯುವುದು ಅಥವಾ ನಿಲ್ಲಿಸುವುದು.

ಟಾಮಿ ಜಾನ್ ಮತ್ತು ಮೂರನೆಯ ದಾರಿ

ಎಂಟು ವರ್ಷಗಳ ನಂತರ, 1974ರ ಜುಲೈ 17ರಂದು, ಅದೇ ತಂಡದ ಇನ್ನೊಬ್ಬ ಎಡಗೈ ಪಿಚರ್ ಟಾಮಿ ಜಾನ್ ಅವರ ಮೊಣಕೈಯ ರಜ್ಜು ಪಂದ್ಯದ ನಡುವೆಯೇ ಹರಿಯಿತು. ಆ ಋತುವಿನಲ್ಲಿ ಆಗಲೇ 13 ಪಂದ್ಯ ಗೆದ್ದಿದ್ದ ಅವರ ಆಟ ಅಲ್ಲಿಗೆ ಮುಗಿದಂತಾಯಿತು. ತಂಡದ ವೈದ್ಯ ಡಾ. ಫ್ರಾಂಕ್ ಜೋಬ್ ಅದುವರೆಗೆ ಯಾವ ಪಿಚರ್‌ಗೂ ಮಾಡದ ಒಂದು ಶಸ್ತ್ರಚಿಕಿತ್ಸೆಯನ್ನು ಸೂಚಿಸಿದರು. ಅದು ಫಲಿಸುವ ಸಂಭವ ನೂರಕ್ಕೆ ಒಂದು ಎಂಬುದನ್ನೂ ತಿಳಿಸಿದರು. ಸೆಪ್ಟೆಂಬರ್ 25ರಂದು ಆ ಶಸ್ತ್ರಚಿಕಿತ್ಸೆ ನಡೆಯಿತು.

ಅದರ ವಿಧಾನ ತಿಳಿಯಲು ಕಷ್ಟವಿಲ್ಲ. ನಿಮ್ಮ ಹೆಬ್ಬೆರಳು ಮತ್ತು ಕಿರುಬೆರಳಿನ ತುದಿಗಳನ್ನು ಜೋಡಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿದರೆ, ಮಣಿಕಟ್ಟಿನ ನಡುವೆ ಚರ್ಮದಡಿ ಒಂದು ತಂತಿ ಎದ್ದು ನಿಲ್ಲುತ್ತದೆ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ. ಇಲ್ಲದಿದ್ದರೂ ಕೈಗೆ ಏನೂ ಕೊರತೆಯಾಗುವುದಿಲ್ಲ. ಅಷ್ಟು ಅನಗತ್ಯವಾದ ಈ ಸ್ನಾಯುರಜ್ಜುವನ್ನೇ ಡಾ. ಜೋಬ್ ಟಾಮಿ ಜಾನ್ ಅವರ ಬಲಗೈಯಿಂದ ತೆಗೆದರು. ಎಡ ಮೊಣಕೈಯ ಎರಡು ಮೂಳೆಗಳಲ್ಲಿ ರಂಧ್ರ ಕೊರೆದು, ಅವುಗಳ ಮೂಲಕ ಅದನ್ನು ಇಂಗ್ಲಿಷಿನ 8ರ ಆಕಾರದ ಕುಣಿಕೆಯಂತೆ ದಾಟಿಸಿ ಬಿಗಿದು, ಹರಿದ ರಜ್ಜುವಿನ ಜಾಗದಲ್ಲಿ ಕೂರಿಸಿದರು. ತೆಗೆದಿಟ್ಟ ಈ ಎಳೆಯೊಳಗೆ ಹೊಸ ರಕ್ತನಾಳಗಳು ಬೆಳೆದು ಅದು ನಿಧಾನವಾಗಿ ರಜ್ಜುವಿನ ಗುಣ ಪಡೆಯಬೇಕು. ಆ ಕೆಲಸವನ್ನು ದೇಹವೇ ಮಾಡಬೇಕಾದ್ದರಿಂದ ಅವಸರ ನಡೆಯುವುದಿಲ್ಲ. ಇಂದಿಗೂ ಚೇತರಿಕೆಗೆ ಹನ್ನೆರಡರಿಂದ ಹದಿನೆಂಟು ತಿಂಗಳು ಬೇಕು. ಅದರಲ್ಲಿ ಮೊದಲ ನಾಲ್ಕೈದು ತಿಂಗಳು ಚೆಂಡು ಮುಟ್ಟುವಂತಿಲ್ಲ. ಆಮೇಲೂ ಹದಿನೈದು ಮೀಟರ್‌ಗಿಂತ ಕಡಿಮೆ ದೂರದಿಂದ ಮೆಲ್ಲನೆ ಎಸೆಯುವುದರಿಂದ ಶುರು.

ಟಾಮಿ ಜಾನ್ 1975ರ ಋತುವನ್ನು ಪೂರ್ತಿ ಕಳೆದುಕೊಂಡರು, 1976ರಲ್ಲಿ ಮರಳಿದರು, 1989ರವರೆಗೆ, 46ರ ವಯಸ್ಸಿನವರೆಗೆ ಆಡಿದರು. ಅವರ ಒಟ್ಟು 288 ಗೆಲುವುಗಳಲ್ಲಿ 164 ಬಂದದ್ದು ಶಸ್ತ್ರಚಿಕಿತ್ಸೆಯ ಬಳಿಕ. ಚಿಕಿತ್ಸೆಗೆ ಅವರ ಹೆಸರೇ ನಿಂತಿತು. ಇಂದು ಮೇಜರ್ ಲೀಗ್‌ನ ಪಿಚರ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಮಾಡಿಸಿಕೊಂಡ ಐವರಲ್ಲಿ ಸುಮಾರು ನಾಲ್ವರು ಆಟಕ್ಕೆ ಮರಳುತ್ತಾರೆ. ಇದರಿಂದ ತೋಳಿಗೆ ಮೊದಲಿಗಿಂತ ಹೆಚ್ಚು ವೇಗ ಬರುತ್ತದೆ ಎಂಬ ಮಾತು ಅಮೆರಿಕದ ಶಾಲಾ ಮೈದಾನಗಳಲ್ಲಿ ಹರಡಿದೆ. ಅದು ತಪ್ಪು ತಿಳಿವಳಿಕೆ. ಹೊಸ ರಜ್ಜು ಬೇರೆ ಕೈಯಿಂದ ಬಂದ ಎಳೆಯೇ ಹೊರತು ಹೊಸ ಶಕ್ತಿಯಲ್ಲ. ವೇಗ ಹೆಚ್ಚಿದಂತೆ ಕಂಡರೆ ಅದು ಒಂದು ವರ್ಷದ ಶಿಸ್ತಿನ ವ್ಯಾಯಾಮದ ಫಲ.

ಕೆಳಗಿನ ಲೀಗ್‌ಗಳು

ಮೇಜರ್ ಲೀಗ್‌ನಲ್ಲಿ 30 ತಂಡಗಳಿದ್ದು, ಒಂದೊಂದು ತಂಡ ಋತುವಿಗೆ 162 ಪಂದ್ಯ ಆಡುತ್ತದೆ. ತಂಡದ 26 ಆಟಗಾರರಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚಿರುವಂತಿಲ್ಲ. ಅಂದರೆ ಯಾವುದೇ ದಿನ ಈ ಕೆಲಸದಲ್ಲಿರುವವರು ಸುಮಾರು 390 ಮಂದಿ ಮಾತ್ರ. ಅಲ್ಲಿಗೆ ಏರುವ ಸಾಮಾನ್ಯ ದಾರಿ ಡ್ರಾಫ್ಟ್. ಇದನ್ನು ಐಪಿಎಲ್ ಹರಾಜು ಎಂದು ತಿಳಿಯಬಾರದು. ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯ ಮೇಲೆ ಹೈಸ್ಕೂಲು ಮತ್ತು ಕಾಲೇಜಿನ ಆಟಗಾರರನ್ನು ಆರಿಸುತ್ತವೆ, ಆರಿಸಲ್ಪಟ್ಟವನು ಆ ಒಂದು ತಂಡದೊಂದಿಗೆ ಮಾತ್ರ ವ್ಯವಹರಿಸಬಹುದು. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಮೊದಲಾದ ದೇಶಗಳ ಹುಡುಗರನ್ನು ಡ್ರಾಫ್ಟ್ ಇಲ್ಲದೆ ಹದಿನಾರರ ವಯಸ್ಸಿನಿಂದಲೇ ಸಹಿ ಹಾಕಿಸಿಕೊಳ್ಳಲಾಗುತ್ತದೆ.

ಸಹಿ ಹಾಕಿದವನು ನೇರವಾಗಿ ಮೇಲೆ ಹೋಗುವುದಿಲ್ಲ. ಹೊಸಬರ ಲೀಗ್, ಅದರ ಮೇಲೆ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂಬ ಹಂತಗಳಿರುವ ಮೈನರ್ ಲೀಗ್‌ಗಳಲ್ಲಿ ವರ್ಷಗಟ್ಟಲೆ ಕಳೆಯಬೇಕು. ಕಾರ್ಮಿಕ ಸಂಘ ಸೇರಿ ಇಲ್ಲಿನ ಆಟಗಾರರು 2023ರಲ್ಲಿ ಮೊದಲ ಸಾಮೂಹಿಕ ಒಪ್ಪಂದ ಮಾಡಿಕೊಂಡರು. ಅದಕ್ಕೂ ಮೊದಲು ಟ್ರಿಪಲ್-ಎ ಆಟಗಾರನ ವರ್ಷದ ಕನಿಷ್ಠ ಸಂಬಳ 17,500 ಡಾಲರ್ ಇತ್ತು. ಒಪ್ಪಂದ ಅದನ್ನು 35,800 ಡಾಲರ್‌ಗೆ ಏರಿಸಿತು. ಟಿ.ವಿ.ಯಲ್ಲಿ ಕಾಣುವ ಕೋಟಿಗಳ ಲೆಕ್ಕದ ಕೆಳಗೆ ಇಂಥ ಲೆಕ್ಕವೂ ಇದೆ, ಮತ್ತು ಬಹುಪಾಲು ಪಿಚರ್‌ಗಳ ವೃತ್ತಿ ಇಲ್ಲೇ ಮುಗಿಯುತ್ತದೆ.

ಭಾರತಕ್ಕೂ ಈ ಹಂತಗಳ ಪರಿಚಯವಿದೆ. 2008ರಲ್ಲಿ ವೇಗವಾಗಿ ಚೆಂಡೆಸೆಯುವವರನ್ನು ಹುಡುಕಲು ಭಾರತದಲ್ಲಿ ನಡೆದ ಸ್ಪರ್ಧೆಯೊಂದರಿಂದ ಆಯ್ಕೆಯಾದ, ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಂದಿಗೆ ಕರಾರು ಮಾಡಿಕೊಂಡರು. ಅದಕ್ಕೂ ಮುನ್ನ ಇಬ್ಬರೂ ಬೇಸ್‌ಬಾಲ್ ಆಡಿದವರಲ್ಲ. ಪಟೇಲ್ ಅವರ ಕರಾರು 2010ರಲ್ಲಿ ಕೊನೆಗೊಂಡಿತು. ಎಡಗೈ ಪಿಚರ್ ಆಗಿದ್ದ ಸಿಂಗ್ ಸಿಂಗಲ್-ಎ ಹಂತದವರೆಗೆ ಏರಿದರು. ಆಮೇಲೆ ತೋಳಿನ ಗಾಯಗಳಿಂದ ಆಡಲಾಗದೆ, 2018ರಲ್ಲಿ ವೃತ್ತಿಪರ ಕುಸ್ತಿಗೆ ಹೋದರು. ಕ್ರಿಕೆಟಿಗ ರಿಂಕು ಸಿಂಗ್ ಬೇರೆ, ಇವರು ಬೇರೆ.

ಹಣ ತಡವಾಗಿ ಬರುವುದು ಏಕೆ

1966ರ ವಸಂತದಲ್ಲಿ ಕೋಫ್ಯಾಕ್ಸ್ ಮತ್ತು ಅವರ ಜೊತೆಗಾರ ಡಾನ್ ಡ್ರೈಸ್‌ಡೇಲ್ ಇಬ್ಬರೂ ಸೇರಿ ಸಂಬಳ ಹೆಚ್ಚಿಸುವವರೆಗೆ ಅಭ್ಯಾಸಕ್ಕೆ ಬರುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಕೊನೆಗೆ ಕೋಫ್ಯಾಕ್ಸ್ ಅವರಿಗೆ ಸಿಕ್ಕಿದ್ದು ವರ್ಷಕ್ಕೆ 1,25,000 ಡಾಲರ್. ಅವರು ಬೇರೆ ತಂಡಕ್ಕೆ ಹೋಗುತ್ತೇನೆ ಎನ್ನುವಂತಿರಲಿಲ್ಲ. ಆಗಿನ ಕರಾರಿನಲ್ಲಿದ್ದ ಕಾಯ್ದಿರಿಸುವ ಷರತ್ತಿನ ಪ್ರಕಾರ, ಅವಧಿ ಮುಗಿದ ಮೇಲೂ ತಂಡ ಆಟಗಾರನ ಕರಾರನ್ನು ತಾನೇ ಒಂದು ವರ್ಷ ಮುಂದುವರಿಸಬಹುದಿತ್ತು, ಹಾಗೆ ವರ್ಷ ವರ್ಷವೂ.

ಆ ಗಂಟನ್ನು ಬಿಡಿಸಿದವರೂ ಡಾಡ್ಜರ್ಸ್ ತಂಡದ ಪಿಚರ್. ಬಲಗೈ ಪಿಚರ್ ಆ್ಯಂಡಿ ಮೆಸರ್‌ಸ್ಮಿತ್ 1975ರ ಋತುವನ್ನು ಹೊಸ ಕರಾರಿಗೆ ಸಹಿ ಹಾಕದೆಯೇ ಆಡಿದರು. ಮುಂದುವರಿಕೆಯ ಒಂದು ವರ್ಷ ಮುಗಿದಿದೆ, ಇನ್ನು ನಾನು ಸ್ವತಂತ್ರ ಎಂಬುದು ಅವರ ವಾದ. ಮಧ್ಯಸ್ಥಗಾರ ಪೀಟರ್ ಸೈಟ್ಸ್ ಅದೇ ಡಿಸೆಂಬರ್ 23ರಂದು ಆ ವಾದವನ್ನು ಒಪ್ಪಿದರು. ಮೆಸರ್‌ಸ್ಮಿತ್ ಹೆಚ್ಚಿನ ಹಣಕ್ಕೆ ಅಟ್ಲಾಂಟಾ ಸೇರಿದರು, ಆದರೆ ಎರಡನೆಯ ವರ್ಷವೇ ಮೊಣಕೈಗೆ, ಅದರ ಮರುವರ್ಷ ಭುಜಕ್ಕೆ ಪೆಟ್ಟಾಗಿ 1979ರಲ್ಲಿ ಆಟ ನಿಲ್ಲಿಸಬೇಕಾಯಿತು. ಸಹಿ ಇಲ್ಲದೆ ಆಡಿದ ಆ ಒಂದು ಋತುವಿನಲ್ಲೇ ಅವರು 320ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದಿದ್ದರು.

ತೀರ್ಪಿನ ನಂತರ ತಂಡಗಳೂ ಆಟಗಾರರ ಸಂಘವೂ ಸೇರಿ ಒಂದು ಮಧ್ಯದ ದಾರಿ ಕಂಡುಕೊಂಡವು, ಅದರ ಚೌಕಟ್ಟು ಇಂದಿಗೂ ಇದೆ. ಮೇಜರ್ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ ಎಂದು ಲೆಕ್ಕ. ಸಾಮಾನ್ಯವಾಗಿ ಮೊದಲ ಮೂರು ವರ್ಷ ತಂಡ ಕೊಟ್ಟಷ್ಟೇ ಸಂಬಳ, ನಿಗದಿಯಾದ ಕನಿಷ್ಠಕ್ಕಿಂತ ಕಡಿಮೆಯಾಗದಂತೆ. 2026ರಲ್ಲಿ ಆ ಕನಿಷ್ಠ 7.8 ಲಕ್ಷ ಡಾಲರ್. ಮುಂದಿನ ಮೂರು ವರ್ಷ ಸಂಬಳದ ಬಗ್ಗೆ ಒಮ್ಮತ ಬಾರದಿದ್ದರೆ ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಆರು ವರ್ಷ ತುಂಬಿದ ಮೇಲೆ ಆಟಗಾರ ಫ್ರೀ ಏಜೆಂಟ್, ಅಂದರೆ ತನಗೆ ಬೇಕಾದ ತಂಡದೊಂದಿಗೆ ಮಾತಾಡಲು ಸ್ವತಂತ್ರ. ಈಗಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ.

ಈ ಲೆಕ್ಕವನ್ನು ಮೊಣಕೈಯ ಪಕ್ಕದಲ್ಲಿಟ್ಟು ನೋಡಬೇಕು. 23ರ ವಯಸ್ಸಿನಲ್ಲಿ ಮೇಲೆ ಬಂದ ಪಿಚರ್ ಸ್ವತಂತ್ರನಾಗುವುದು 29ಕ್ಕೆ. ಪಿಚರ್‌ಗಳ ವೇಗ ಸಾಮಾನ್ಯವಾಗಿ ಗರಿಷ್ಠ ಮಟ್ಟದಲ್ಲಿರುವುದು ಇಪ್ಪತ್ತರ ದಶಕದ ಮೊದಲ ಅರ್ಧದಲ್ಲಿ. ತೋಳು ಅತ್ಯುತ್ತಮವಾಗಿದ್ದಾಗ ಹಣ ಕಡಿಮೆ, ಹಣ ಬರುವ ಹೊತ್ತಿಗೆ ತೋಳು ಅರ್ಧ ಸವೆದಿರುತ್ತದೆ. ಆ ನಡುವೆ ಒಂದು ಶಸ್ತ್ರಚಿಕಿತ್ಸೆಯಾದರೆ ಒಂದೂವರೆ ವರ್ಷ ಕೈಬಿಟ್ಟಿತು. ಯಮಮೊಟೊ ಅವರಂಥವರು ಇದಕ್ಕೆ ಅಪವಾದ: ಜಪಾನಿನ ಲೀಗ್‌ನಲ್ಲಿ ಹೆಸರು ಮಾಡಿ 25ರ ವಯಸ್ಸಿಗೆ ಬಂದ ಅವರು ಅಮೆರಿಕದಲ್ಲಿ ಒಂದು ಚೆಂಡನ್ನೂ ಎಸೆಯುವ ಮೊದಲೇ, 2023ರ ಡಿಸೆಂಬರಿನಲ್ಲಿ, 12 ವರ್ಷಕ್ಕೆ 32.5 ಕೋಟಿ ಡಾಲರ್ ಕರಾರು ಪಡೆದರು.

ಕರ್ಶಾ ಅವರ ಹದಿನೆಂಟು ವರ್ಷ

ಇಡೀ ವೃತ್ತಿಯನ್ನು ಒಬ್ಬರಲ್ಲೇ ನೋಡಬೇಕೆಂದರೆ ಕ್ಲೇಟನ್ ಕರ್ಶಾ ಇದ್ದಾರೆ. ಟೆಕ್ಸಸ್‌ನ ಡಾಲಸ್‌ನವರಾದ ಈ ಎಡಗೈ ಪಿಚರ್ ಅವರನ್ನು 2006ರ ಡ್ರಾಫ್ಟ್‌ನಲ್ಲಿ ಏಳನೆಯವರಾಗಿ ಡಾಡ್ಜರ್ಸ್ ಆರಿಸಿತು. ಹೈಸ್ಕೂಲು ಮುಗಿಸಿದ್ದ ಹುಡುಗ ಕಾಲೇಜಿನ ಅವಕಾಶ ಬಿಟ್ಟು, 23 ಲಕ್ಷ ಡಾಲರ್ ಸಹಿ ಹಣ ಪಡೆದು ಮೈನರ್ ಲೀಗ್‌ಗೆ ಹೋದರು. 2008ರ ಮೇ 25ರಂದು, ಇಪ್ಪತ್ತರ ವಯಸ್ಸಿನಲ್ಲಿ, ಮೇಜರ್ ಲೀಗ್‌ನ ಮೊದಲ ಪಂದ್ಯ. 2011ರಲ್ಲಿ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದಾಗ ಅವರ ಸಂಬಳ 5 ಲಕ್ಷ ಡಾಲರ್. 2014ರ ಜನವರಿಯಲ್ಲಿ ಬಂದ ಏಳು ವರ್ಷದ ಕರಾರಿನ ಮೊತ್ತ 21.5 ಕೋಟಿ ಡಾಲರ್. ಆ ವರ್ಷ ಅವರು 21 ಪಂದ್ಯ ಗೆದ್ದು 3 ಸೋತರು, ಇ.ಆರ್.ಎ. 1.77, ಪಿಚರ್‌ಗಳಿಗೆ ಅಪರೂಪವಾಗಿ ಸಿಗುವ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಬಂತು.

ಅಲ್ಲಿಂದಾಚೆ ದೇಹ ತನ್ನ ಲೆಕ್ಕ ಕೇಳತೊಡಗಿತು. 2016ರಲ್ಲಿ ಬೆನ್ನಿನ ಡಿಸ್ಕ್, 2023ರ ನವೆಂಬರಿನಲ್ಲಿ ಎಡಭುಜದ ಶಸ್ತ್ರಚಿಕಿತ್ಸೆ, ಮರುವರ್ಷ ಕಾಲು ಮತ್ತು ಮಂಡಿಯ ಶಸ್ತ್ರಚಿಕಿತ್ಸೆ. ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾತ್ರ ಕೊನೆಯವರೆಗೂ ಬೇಕಾಗಲಿಲ್ಲ. ಅವರ ಫಾಸ್ಟ್‌ಬಾಲ್‌ನ ವೇಗ 2025ರ ಹೊತ್ತಿಗೆ ಗಂಟೆಗೆ ಸುಮಾರು 143 ಕಿಲೋಮೀಟರ್‌ಗೆ ಇಳಿದಿತ್ತು. ಇಂದಿನ ಲೀಗ್‌ನಲ್ಲಿ ಅದು ನಿಧಾನ. ಆದರೂ ಸ್ಲೈಡರ್, ಕರ್ವ್‌ಬಾಲ್ ಮತ್ತು ಗುರಿಯ ಬಲದಿಂದ 11 ಪಂದ್ಯ ಗೆದ್ದು 2 ಮಾತ್ರ ಸೋತರು. ಜುಲೈ 2ರಂದು 3,000ನೆಯ ಸ್ಟ್ರೈಕೌಟ್ ಪಡೆದರು. ಅಲ್ಲಿಗೆ ತಲುಪಿದವರಲ್ಲಿ ಅವರು ಇಪ್ಪತ್ತನೆಯವರು. ಆ ಅಕ್ಟೋಬರಿನಲ್ಲಿ 18 ಇನ್ನಿಂಗ್ಸ್ ನಡೆದ ವರ್ಲ್ಡ್ ಸೀರೀಸ್ ಪಂದ್ಯದ 12ನೆಯ ಇನ್ನಿಂಗ್ಸ್‌ನಲ್ಲಿ, ಮೂರೂ ಬೇಸ್‌ಗಳಲ್ಲಿ ಎದುರಾಳಿಗಳು ನಿಂತಿದ್ದಾಗ, ರಿಲೀವರ್ ಆಗಿ ಬಂದು ಒಬ್ಬ ಬ್ಯಾಟರ್‌ನನ್ನು ಔಟ್ ಮಾಡಿದ್ದು ಡಾಡ್ಜರ್ಸ್ ಪರವಾಗಿ ಅವರ ಕೊನೆಯ ಕೆಲಸ.

ಕೋಫ್ಯಾಕ್ಸ್ ಅವರ ಕಾಲಕ್ಕೂ ಕರ್ಶಾ ಅವರ ಕಾಲಕ್ಕೂ ಇರುವ ಅಂತರ ಒಂದು ದಿನದಲ್ಲಿ ಚೆನ್ನಾಗಿ ಕಾಣುತ್ತದೆ. 2022ರ ಏಪ್ರಿಲ್ 13ರಂದು ಮಿನ್ನಿಯಾಪೊಲಿಸ್‌ನ ಚಳಿಯಲ್ಲಿ ಕರ್ಶಾ ಏಳು ಇನ್ನಿಂಗ್ಸ್‌ಗಳಲ್ಲಿ 21 ಬ್ಯಾಟರ್‌ಗಳನ್ನೂ ಔಟ್ ಮಾಡಿದ್ದರು, 13 ಮಂದಿ ಸ್ಟ್ರೈಕೌಟ್. ಪರ್ಫೆಕ್ಟ್ ಗೇಮ್‌ಗೆ ಬೇಕಿದ್ದದ್ದು ಇನ್ನು ಆರು ಔಟ್. ಎಸೆತಗಳ ಎಣಿಕೆ 80ಕ್ಕೆ ಬಂದಿತ್ತು. ಮ್ಯಾನೇಜರ್ ಡೇವ್ ರಾಬರ್ಟ್ಸ್ ಅವರನ್ನು ಹೊರಕ್ಕೆ ಕರೆದರು. ಋತುವಿನ ಮೊದಲ ಪಂದ್ಯ, ಹಿಂದಿನ ವರ್ಷದ ತೋಳಿನ ಗಾಯ ಎರಡನ್ನೂ ಬಲ್ಲ ಕರ್ಶಾ ಆ ನಿರ್ಧಾರವನ್ನು ಒಪ್ಪಿಕೊಂಡರು. ಅಭಿಮಾನಿಗಳಲ್ಲಿ ಒಪ್ಪದವರು ಬಹಳ. ಕೋಫ್ಯಾಕ್ಸ್ ತಮ್ಮ ಪರ್ಫೆಕ್ಟ್ ಗೇಮ್‌ಗೆ 113 ಎಸೆತ ಎಸೆದಿದ್ದರು.

ಎಣಿಕೆ ಇದ್ದರೂ ಗಾಯ ಏಕೆ ಹೆಚ್ಚುತ್ತಿದೆ

ಎಸೆತಗಳನ್ನು ಎಣಿಸಿ, ವಿಶ್ರಾಂತಿ ಕೊಟ್ಟು, ಇನ್ನಿಂಗ್ಸ್‌ಗಳನ್ನು ಇಳಿಸಿದ ಮೇಲೂ ಪಿಚರ್‌ಗಳ ಗಾಯಗಳು ಕಡಿಮೆಯಾಗಿಲ್ಲ, ಏರಿವೆ. ಮೇಜರ್ ಲೀಗ್ ತಾನೇ ಅಧ್ಯಯನ ಮಾಡಿಸಿ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿ ಮುಖ್ಯವಾಗಿ ಬೆರಳು ತೋರಿದ್ದು ವೇಗದತ್ತ. ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ ಸುಮಾರು 147 ಕಿಲೋಮೀಟರ್ ಇದ್ದದ್ದು 2024ಕ್ಕೆ ಸುಮಾರು 152 ಆಗಿದೆ. ಹಿಂದೆ ಒಂಬತ್ತು ಇನ್ನಿಂಗ್ಸ್ ಎಸೆಯಬೇಕಿದ್ದವನು ಬಲವನ್ನು ಉಳಿಸಿಕೊಂಡು ಎಸೆಯುತ್ತಿದ್ದ. ಐದಾರು ಇನ್ನಿಂಗ್ಸ್ ಸಾಕು ಎಂದಾದ ಮೇಲೆ ಪ್ರತಿ ಎಸೆತಕ್ಕೂ ಪೂರ್ತಿ ಬಲ. ಕ್ಯಾಮೆರಾಗಳು ಈಗ ಚೆಂಡಿನ ವೇಗವನ್ನೂ ಅದು ಸುತ್ತುವ ಲೆಕ್ಕವನ್ನೂ ಅಳೆದು ಕೊಡುತ್ತವೆ. ತಂಡಗಳು ಆ ಅಂಕಿ ನೋಡಿಯೇ ಹುಡುಗರನ್ನು ಆರಿಸುವುದರಿಂದ, ನಾರ್ಮ್ ಶೆರ್ರಿ ಕೊಟ್ಟಂಥ ಸಲಹೆಯನ್ನು ಇಂದಿನ ಹದಿನೆಂಟರ ಹುಡುಗ ಕೇಳಿದರೆ ಡ್ರಾಫ್ಟ್ ತಪ್ಪೀತೆಂದು ಹೆದರುತ್ತಾನೆ. ಮೊದಲ ಆರು ವರ್ಷದ ಕಡಿಮೆ ಸಂಬಳದ ನಿಯಮ ಗೊತ್ತಿದ್ದವರಿಗೆ ಆ ಅವಸರ ಅರ್ಥವಾಗದೆ ಇರದು.

ಈ ಓಟ ಶಾಲಾ ವಯಸ್ಸಿಗೂ ಇಳಿದಿರುವುದರಿಂದ ಮಕ್ಕಳ ನಿಯಮಗಳು ಬಿಗಿಯಾಗಿವೆ. ಲಿಟಲ್ ಲೀಗ್ 2007ರಿಂದ ಇನ್ನಿಂಗ್ಸ್ ಬದಲು ಎಸೆತಗಳನ್ನೇ ಎಣಿಸುತ್ತಿದೆ. ಏಳೆಂಟು ವರ್ಷದವರಿಗೆ ದಿನಕ್ಕೆ 50, ಒಂಬತ್ತು-ಹತ್ತರವರಿಗೆ 75, ಹನ್ನೊಂದು-ಹನ್ನೆರಡರವರಿಗೆ 85 ಎಸೆತಗಳ ಮಿತಿ. ಹದಿನಾಲ್ಕು ವರ್ಷದೊಳಗಿನ ಮಗು ಒಂದು ದಿನ 66 ಅಥವಾ ಹೆಚ್ಚು ಎಸೆತ ಎಸೆದರೆ ನಾಲ್ಕು ದಿನ ಪಿಚ್ ಮಾಡುವಂತಿಲ್ಲ. ಒಂದು ಪಂದ್ಯದಲ್ಲಿ 41 ಅಥವಾ ಹೆಚ್ಚು ಎಸೆತ ಎಸೆದವರನ್ನು ಆ ದಿನ ಕ್ಯಾಚರ್ ಆಗಿಯೂ ನಿಲ್ಲಿಸುವಂತಿಲ್ಲ, ಏಕೆಂದರೆ ಪ್ರತಿ ಚೆಂಡನ್ನೂ ಪಿಚರ್‌ಗೆ ಹಿಂದಿರುಗಿಸುವ ಕ್ಯಾಚರ್‌ನ ತೋಳಿಗೂ ಕೆಲಸ ಕಡಿಮೆಯಿಲ್ಲ. ಮೇಜರ್ ಲೀಗ್ ಮತ್ತು ಅಮೆರಿಕದ ಬೇಸ್‌ಬಾಲ್ ಸಂಸ್ಥೆ ಸೇರಿ ರೂಪಿಸಿದ ಮಾರ್ಗಸೂಚಿ, ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಮಕ್ಕಳು ಎಸೆತದಿಂದ ದೂರವಿರಬೇಕೆನ್ನುತ್ತದೆ. ವರ್ಷವಿಡೀ ಬಿಸಿಲಿರುವ ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳಲ್ಲಿ ಪಾಲಿಸಲು ಕಷ್ಟವಾಗಿರುವ ಮಾತು ಇದೇ. ಬಡಾವಣೆಯ ತಂಡ ಮತ್ತು ಊರೂರು ಸುತ್ತುವ ಖಾಸಗಿ ತಂಡ ಎರಡರಲ್ಲೂ ಆಡುವ ಮಗುವಿನ ಎಸೆತಗಳನ್ನು ಒಂದು ತಂಡದ ಪುಸ್ತಕ ಇನ್ನೊಂದಕ್ಕೆ ತಿಳಿಸುವುದಿಲ್ಲ. ಎರಡನ್ನೂ ಕೂಡಿಸಿ ಲೆಕ್ಕವಿಡುವ ಕೆಲಸ ಮನೆಯವರದು.